ಲಿವರ್ ರೋಗಿಗೆ ಜಿಡ್ಡು ಬೇಡವೇ?

ಹಾವೇರಿ ಸೀಮೆಯ ಮನೆಗಳಲ್ಲಿ ಯಾರಿಗಾದರೂ ಕಾಮಣಿ ಎಂದರೆ ಸಾಕು, ಎಣ್ಣೆ, ತುಪ್ಪ, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಬಂದ್. ಗಂಜಿ, ಮಜ್ಜಿಗೆಯ ಪಥ್ಯ ಶುರು. ಇಂಥ ಮನೆಯವರು ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ, ರೋಗಿಯ ಲಿವರ್ ಆಪರೇಷನ್ ಆದ ಮೇಲೆ ಹಚ್ಚಿದ ಹಾಲಿನಂಥ ಬಿಳಿ ಬಾಟಲಿ ಎಣ್ಣೆಯದೆಂದು ತಿಳಿದರೆ ಬೆಚ್ಚುವುದು ಸಹಜ. ಬಾಯಿಗೇ ಬೇಡವೆಂದ ಜಿಡ್ಡು ರಕ್ತಕ್ಕೆ ಏಕೆ? ಆ ಹೊತ್ತಿನಲ್ಲಿ ಅಳತೆಯ ಜಿಡ್ಡಿಗಿಂತ ಉಪವಾಸವೇ ಹೆಚ್ಚು ಅಪಾಯಕಾರಿ ಎಂಬುದಕ್ಕೆ ಸಾಕಷ್ಟು ಆಧಾರವಿದೆ.

ಆರೋಗ್ಯವಂತ ಲಿವರ್ ತುಂಬಿದ ಹಗೇವಿನಂತೆ. ಉಂಡ ಸಕ್ಕರೆಯನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟು ರಾತ್ರಿಯಿಡೀ ಒದಗಿಸುತ್ತದೆ. ಸಿರೋಸಿಸ್‌ನಿಂದ ಗಂಟುಗಟ್ಟಿದ ಲಿವರ್‌ನಲ್ಲಿ ಈ ದಾಸ್ತಾನು ಅತ್ಯಲ್ಪ. ಹೀಗಾಗಿ ಅಂಥ ರೋಗಿಯ ಒಂದು ರಾತ್ರಿಯ ಉಪವಾಸ ಉಳಿದವರ ಎರಡು-ಮೂರು ದಿನದ ಉಪವಾಸಕ್ಕೆ ಸಮ. ದೇಹ ತನ್ನ ಕೊಬ್ಬನ್ನು ಉರಿಸುತ್ತದೆ, ಸಕ್ಕರೆಗಾಗಿ ಸ್ನಾಯುವನ್ನೇ ಕರಗಿಸುತ್ತದೆ. ಗ್ಲೂಕೋಸ್ ಸಾಲದೇ ಎಂದರೆ ಲೆಕ್ಕ ನೋಡಿ: ಶೇ. 5ರ ಗ್ಲೂಕೋಸ್ ಲೀಟರಿಗೆ 200 ಕ್ಯಾಲೊರಿಯೂ ಕೊಡುವುದಿಲ್ಲ. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 1,800 ಬೇಕು. ಹೊಟ್ಟೆಯಲ್ಲಿ ನೀರು ತುಂಬಿ ಕಾಲು ಬಾತವರಿಗೆ ಲೀಟರುಗಟ್ಟಲೆ ನೀರು ಸುರಿಯುವಂತಿಲ್ಲ. ಗಾಢ ಗ್ಲೂಕೋಸ್ ಕೈಯ ರಕ್ತನಾಳವನ್ನು ಕೆರಳಿಸುತ್ತದೆ, ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. ಶೇ. 20ರ ಕೊಬ್ಬಿನ ದ್ರಾವಣವಾದರೆ 250 ಮಿಲಿಲೀಟರಿನಲ್ಲೇ 500 ಕ್ಯಾಲೊರಿ, ಅದೂ ರಕ್ತನಾಳವನ್ನು ನೋಯಿಸದೆ.

ಅದನ್ನು ಅರಗಿಸಲು ರೋಗಪೀಡಿತ ಲಿವರ್‌ಗೆ ಶಕ್ತಿಯೆಲ್ಲಿ? ಪಥ್ಯದ ಹಿಂದಿನ ಅಂಜಿಕೆಯೂ ಇದೇ. ತಿಂದ ಎಣ್ಣೆ ಅರಗಲು ಪಿತ್ತರಸ ಬೇಕು, ಅದನ್ನು ಸುರಿಸುವುದು ಲಿವರ್, ನಿಜ. ಆದರೆ ರಕ್ತಕ್ಕೆ ಹೋಗುವ ಕೊಬ್ಬಿಗೆ ಪಿತ್ತರಸದ ಹಂಗಿಲ್ಲ. ಸ್ವೀಡನ್ನಿನ ಅರ್ವಿಡ್ ವ್ರೆಟ್ಲಿಂಡ್ ಸೋಯಾ ಎಣ್ಣೆಯನ್ನು ಮೊಟ್ಟೆಯ ಹಳದಿಯ ಫಾಸ್ಫೊಲಿಪಿಡ್‌ನಿಂದ ಸಣ್ಣ ಸಣ್ಣ ಹನಿಗಳಾಗಿ ಒಡೆದು ರೂಪಿಸಿದ ಇಂಟ್ರಾಲಿಪಿಡ್ 1962ರಲ್ಲಿ ಅಲ್ಲಿ ಬಳಕೆಗೆ ಬಂತು. ಆ ಹನಿಗಳನ್ನು ಬಹುಪಾಲು ಒಡೆಯುವುದು ಸ್ನಾಯು ಮತ್ತು ಕೊಬ್ಬಿನ ಅಂಗಾಂಶಗಳ ರಕ್ತನಾಳದ ಗೋಡೆಯಲ್ಲಿರುವ ಕಿಣ್ವ. ಕೊಯ್ದು ಉಳಿದ ಲಿವರ್ ಮತ್ತೆ ಬೆಳೆಯುವಾಗ ಅದಕ್ಕೂ ಕೊಬ್ಬಿನಾಮ್ಲಗಳೇ ಮೊದಲ ಇಂಧನ.

ಜಿಡ್ಡಿನ ಮೇಲಿನ ಆರೋಪಗಳು ಪೂರ್ತಿ ಸುಳ್ಳಲ್ಲ. ಹತ್ತಿಬೀಜದ ಎಣ್ಣೆಯ ದ್ರಾವಣವೊಂದನ್ನು 1960ರ ದಶಕದಲ್ಲಿ ಅಮೆರಿಕದಲ್ಲಿ ಹಿಂತೆಗೆಯಬೇಕಾಯಿತು. ಸೋಯಾ ದ್ರಾವಣವನ್ನೇ ತಿಂಗಳುಗಟ್ಟಲೆ ಕೊಟ್ಟಾಗ, ಮುಖ್ಯವಾಗಿ ಹಸುಗೂಸುಗಳಲ್ಲಿ, ಪಿತ್ತ ಕಟ್ಟಿ ಲಿವರ್ ಕೆಟ್ಟಿದೆ. ಅಂಥ ಮಕ್ಕಳಿಗೆಂದೇ ಮೀನೆಣ್ಣೆಯ ದ್ರಾವಣಕ್ಕೆ ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಆಪರೇಷನ್ ನಂತರದ ಕೆಲವೇ ದಿನಗಳ ಮಾತು ಬೇರೆ. ಆಗಲೂ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 1 ಗ್ರಾಂ ದಾಟದಂತೆ, ಸೋಯಾ ಜೊತೆ ಆಲಿವ್, ಮೀನೆಣ್ಣೆ ಬೆರೆತದ್ದನ್ನು ನಿಧಾನವಾಗಿ ಹನಿಸಿ, ರಕ್ತದ ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿದರೆ ನಿಲ್ಲಿಸುವುದು ರೂಢಿ. ಮೊಟ್ಟೆ, ಸೋಯಾ ಒಗ್ಗದವರು ಮೊದಲೇ ಹೇಳಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕರುಳು ಕೆಲಸ ಮಾಡುತ್ತಿರುವಾಗ ರಕ್ತನಾಳವೇಕೆ? ಒಪ್ಪಲೇಬೇಕಾದ ಮಾತು. ಮೊದಲು ಬಾಯಿ, ಆಗದಿದ್ದರೆ ಮೂಗಿನ ನಳಿಗೆ. ಎರಡೂ ಸಾಲದಿದ್ದಾಗಷ್ಟೇ ಈ ಬಾಟಲಿ. ನಿಶ್ಶಕ್ತಿಗೆಂದು ಸಲೈನ್ ಹಚ್ಚಿಸಿಕೊಳ್ಳುವ ನಮ್ಮ ಖಯಾಲಿಗೆ ಇಲ್ಲಿ ಜಾಗವಿಲ್ಲ. ಮನೆಗೆ ಮರಳಿದ ಸಿರೋಸಿಸ್ ರೋಗಿಗಂತೂ ಮಲಗುವ ಮುನ್ನ ಎರಡು ಜೋಳದ ರೊಟ್ಟಿ, ಜೊತೆಗೆ ಒಂದಿಷ್ಟು ಬೇಳೆ ಯಾವ ಬಾಟಲಿಗಿಂತಲೂ ಹೆಚ್ಚು ಸ್ನಾಯು ಉಳಿಸುತ್ತವೆ.