ನೆಲದ ಮೇಲೆ ಮೂಡುವ ಭೂಪಟ

ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿರುವ ‘ಸಿಟಿ ಅಂಡ್ ಕಂಟ್ರಿ’ ಶಾಲೆಯ ಪುಟಾಣಿಗಳಿಗೆ ಭೂಪಟದ ಮೊದಲ ಪಾಠ ಸಿಗುವುದು ನೆಲದ ಮೇಲೆ, ಮರದ ತುಂಡುಗಳ ನಡುವೆ. 1914ರಲ್ಲಿ ಈ ಶಾಲೆ ಕಟ್ಟಿದವರು ಕೆರೊಲಿನ್ ಪ್ರ್ಯಾಟ್. ಮರಗೆಲಸ ಕಲಿಸುತ್ತಿದ್ದ ಈ ಶಿಕ್ಷಕಿ ಮಕ್ಕಳಿಗೆಂದು ಬಣ್ಣವಿಲ್ಲದ, ಚಿತ್ರವಿಲ್ಲದ ತುಂಡುಗಳನ್ನು ರೂಪಿಸಿದರು. ಮೂಲ ತುಂಡಿನ ಉದ್ದ 5.5 ಇಂಚು, ಅಗಲ ಅದರ ಅರ್ಧ, ದಪ್ಪ ಅಗಲದ ಅರ್ಧ. ಇಂದು ಎಷ್ಟೋ ದೇಶಗಳ ಶಿಶುವಿಹಾರಗಳಲ್ಲಿ ಕಾಣುವ ‘ಯೂನಿಟ್ ಬ್ಲಾಕ್’ ಹುಟ್ಟಿದ್ದು ಹೀಗೆ.

ಮಕ್ಕಳು ಬೀದಿ ಸುತ್ತಿ, ಹಡಗುಕಟ್ಟೆ ನೋಡಿ ಬರುತ್ತಾರೆ. ಕಂಡದ್ದನ್ನು ತರಗತಿಯ ನೆಲದ ಮೇಲೆ ಜೋಡಿಸುತ್ತಾರೆ. ಸೇತುವೆ ನದಿಯ ಮೇಲೆ ಹಾಯಬೇಕು, ಅಂಗಡಿ ರಸ್ತೆಗೆ ಮುಖಮಾಡಬೇಕು. ಆಚೆ–ಈಚೆ, ಹತ್ತಿರ–ದೂರ, ಎದುರು–ಪಕ್ಕ ಎಂಬುದೆಲ್ಲ ಇಲ್ಲಿ ಕೈಗೆ ಸಿಗುವ ಸಂಗತಿ. ಚಿತ್ರವಿಲ್ಲದ ತುಂಡಾದ್ದರಿಂದ ಅದು ಇವತ್ತು ದೋಣಿ, ನಾಳೆ ಮನೆ. ಒಂದು ವಸ್ತು ಇನ್ನೊಂದರ ಗುರುತಾಗಿ ನಿಲ್ಲಬಲ್ಲದು ಎಂಬುದೇ ಭೂಪಟದ ಜೀವಾಳ.

ಈ ಅರಿವು ಯಾವಾಗ ಮೂಡುತ್ತದೆ? ಮನೋವಿಜ್ಞಾನಿ ಜೂಡಿ ಡಿಲೋಚ್ 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಕೋಣೆಯೊಂದರ ಪುಟ್ಟ ಮಾದರಿಯಲ್ಲಿ ಗೊಂಬೆ ಬಚ್ಚಿಟ್ಟು ಮಕ್ಕಳಿಗೆ ತೋರಿಸಿದರು. ದೊಡ್ಡ ಗೊಂಬೆ ನಿಜವಾದ ಕೋಣೆಯಲ್ಲಿ ಅದೇ ಜಾಗದಲ್ಲಿತ್ತು. ಮೂರು ತುಂಬಿದ ಮಕ್ಕಳಲ್ಲಿ ಹೆಚ್ಚಿನವರು ನೇರ ಹೋಗಿ ಹುಡುಕಿದರು. ಎರಡೂವರೆ ವರ್ಷದವರು ಬಹುಪಾಲು ಸೋತರು. ಪುಟ್ಟ ಗೊಂಬೆ ಎಲ್ಲಿದೆಯೆಂಬ ನೆನಪು ಅವರಿಗೆ ಚೆನ್ನಾಗಿಯೇ ಇತ್ತು. ಮಾದರಿಗೂ ಕೋಣೆಗೂ ಇರುವ ನಂಟು ಮಾತ್ರ ಹೊಳೆದಿರಲಿಲ್ಲ. ‘ಯಂತ್ರವೊಂದು ಕೋಣೆಯನ್ನೇ ಕುಗ್ಗಿಸಿದೆ’ ಎಂದು 1997ರ ಇನ್ನೊಂದು ಪ್ರಯೋಗದಲ್ಲಿ ನಂಬಿಸಿದಾಗ ಅದೇ ವಯಸ್ಸಿನ ಮಕ್ಕಳು ಗೊಂಬೆಯನ್ನು ಪತ್ತೆಹಚ್ಚಿದರು. ಮಾದರಿಯೇ ಕೋಣೆ ಎಂದಾದ ಮೇಲೆ ಗುರುತನ್ನು ಬಿಡಿಸುವ ಕೆಲಸವೇ ಅವರಿಗೆ ಉಳಿದಿರಲಿಲ್ಲ.

ಪ್ರ್ಯಾಟ್ ಅವರ ಒಡನಾಡಿ ಲೂಸಿ ಸ್ಪ್ರೇಗ್ ಮಿಚೆಲ್, ಕಂಡದ್ದನ್ನು ಕಟ್ಟಿ ಕಲಿಯುವ ಈ ದಾರಿಗೆ ಶಾಸ್ತ್ರದ ರೂಪ ಕೊಟ್ಟರು. 1916ರಲ್ಲಿ ಅವರು ಆರಂಭಿಸಿದ ಸಂಸ್ಥೆಯೇ ಇಂದಿನ ಬ್ಯಾಂಕ್ ಸ್ಟ್ರೀಟ್ ಶಿಕ್ಷಣ ಕಾಲೇಜು. ಮಕ್ಕಳು ಮೊದಲು ತಮ್ಮ ಸುತ್ತಲಿನ ನೆಲವನ್ನು ತಾವೇ ಶೋಧಿಸಬೇಕು, ಭೂಪಟ ಆ ಶೋಧದ ಉಪಕರಣವಾಗಬೇಕು ಎಂದು ಅವರ ‘ಯಂಗ್ ಜಿಯಾಗ್ರಫರ್ಸ್’ (1934) ವಾದಿಸಿತು.

ಇದಕ್ಕೆ ದುಬಾರಿ ಸಾಮಗ್ರಿ ಬೇಕಿಲ್ಲ. ಬೆಂಕಿಪೊಟ್ಟಣವನ್ನು ದೊಡ್ಡ ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು ಎತ್ತಿದರೆ ಉಳಿಯುವ ಆಯತವೇ ಮನೆಯ ಸಂಕೇತ. ಅಲ್ಲಿಂದ ಅಂಗನವಾಡಿಗೆ ಮಗುವೇ ಗೆರೆ ಎಳೆಯಲಿ, ನಡುವಿನ ಬಾವಿಗೆ, ಮರಕ್ಕೆ ತನ್ನದೇ ಗುರುತು ಹಾಕಲಿ. ತಾನೇ ಭೂಪಟ ಬರೆದ ಮಗು ಬೇರೆಯವರು ಬರೆದದ್ದನ್ನು ಓದುವಾಗ ಪ್ರತಿ ಗುರುತಿನ ಹಿಂದೆಯೂ ಒಂದು ನಿಜವಾದ ಜಾಗವನ್ನು ಹುಡುಕುತ್ತದೆ.