ರಬ್ಬರ್ ರಾಕ್ಷಸರಿಗೊಂದು ಸೂರು

1966ರ ಜುಲೈನಿಂದ ಜಪಾನಿನ ಮಕ್ಕಳು ಭಾನುವಾರ ಸಂಜೆ ಏಳಕ್ಕೆ ಟೀವಿ ಮುಂದಿನಿಂದ ಏಳುತ್ತಿರಲಿಲ್ಲ. ಎಂ78 ನೀಹಾರಿಕೆಯಿಂದ ಬಂದ ಬೆಳ್ಳಿ-ಕೆಂಪು ಮೈಯ ದೈತ್ಯ 'ಅಲ್ಟ್ರಾಮ್ಯಾನ್' ಪ್ರತಿ ವಾರ ಒಂದಲ್ಲ ಒಂದು ರಾಕ್ಷಸನನ್ನು ಬಡಿದು ಮಲಗಿಸುತ್ತಿದ್ದ. ಒಟ್ಟು 39 ಕಂತು. ಫಿಲ್ಮಿನಲ್ಲಿ ಚಿತ್ರಿಸಿದ್ದರಿಂದ ಸರಣಿ ಉಳಿದುಕೊಂಡಿತು. ಅದೇ ಕಾಲದಲ್ಲಿ ವಿಡಿಯೊ ಟೇಪಿಗೆ ಇಳಿಸಿದ ಎಷ್ಟೋ ನಾಟಕಗಳು, ಟೇಪು ದುಬಾರಿಯೆಂದು ಅಳಿಸಿ ಮರುಬಳಕೆ ಮಾಡಿದ್ದರಿಂದ ಹೇಳಹೆಸರಿಲ್ಲದೆ ಹೋದವು.

ಆದರೆ ಪರದೆಯ ಮೇಲೆ ಕಂಡ ವಸ್ತುಗಳ ಗತಿ ಬೇರೆ. ವೇಷ, ಮುಖವಾಡ, ಪುಟ್ಟ ಕಟ್ಟಡ, ವಿಮಾನ ಎಲ್ಲವೂ ಒಡೆಯಲೆಂದೇ ಮಾಡಿದ್ದು. ಜಪಾನೀಯರು 'ಟೊಕುಸಾತ್ಸು' ಎನ್ನುವ ಈ ಬಗೆಯ ವಿಶೇಷ ಚಿತ್ರೀಕರಣದಲ್ಲಿ ಮನುಷ್ಯನೇ ರಬ್ಬರ್ ಮೈ ತೊಟ್ಟು ರಟ್ಟು-ಪ್ಲಾಸ್ಟರಿನ ಊರು ತುಳಿಯುತ್ತಾನೆ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ 'ಜೈಂಟ್ ರೋಬೋಟ್' ನೋಡಿದವರಿಗೆ ಈ ಕಸುಬು ಅಪರಿಚಿತವೇನಲ್ಲ.

ಕಾಸಿನ ಕೊರತೆಯಲ್ಲಿ ವೇಷಗಳು ಅವತಾರದ ಮೇಲೆ ಅವತಾರ ಎತ್ತಿದವು. 1965ರ ಸಿನಿಮಾವೊಂದರ ರಾಕ್ಷಸ ಬಾರಗಾನ್‌ನ ಮೈಯೇ 'ಅಲ್ಟ್ರಾ ಕ್ಯೂ' ಸರಣಿಯಲ್ಲಿ ಪಾಗೋಸ್ ಆಯಿತು. ಅಲ್ಟ್ರಾಮ್ಯಾನ್‌ನಲ್ಲಿ ನೆರೊಂಗ, ಮಾಗುಲಾರ್, ಗಬೊರಾ ಎಂದು ಮೂರು ಸಲ ಬಂತು. ಹತ್ತನೇ ಕಂತಿನ ಜಿರಾಸ್ ಅಂತೂ ಕೊರಳಿಗೆ ಝಾಲರಿ ಕಟ್ಟಿಕೊಂಡ ಗಾಡ್ಜಿಲ್ಲಾ. ಹೀಗಿರುವಾಗ 'ಮೂಲ ವೇಷ' ಎಂದು ಕಾಪಾಡಲು ಉಳಿಯುವುದಾದರೂ ಏನು?

ನಾಯಕನ ಕತೆಯೂ ಅಷ್ಟೆ. ಬಾಯಿ ಅಲ್ಲಾಡಲಿ ಎಂದು ಮೊದಲ ಮುಖವಾಡಕ್ಕೆ ಲೇಟೆಕ್ಸ್ ಬಳಸಿದರು. ಅದು ಸುಕ್ಕುಗಟ್ಟಿತು. ಮುಂದಿನವು ಫೈಬರ್‌ಗ್ಲಾಸಿನವು. ಹಾಗಾಗಿ ಒಂದೇ ಸರಣಿಯಲ್ಲಿ ಅಲ್ಟ್ರಾಮ್ಯಾನ್‌ಗೆ ಮೂರು ಮುಖ. ಅಭಿಮಾನಿಗಳು ಅವನ್ನು ಎ, ಬಿ, ಸಿ ಎಂದು ವಿಂಗಡಿಸಿಟ್ಟಿದ್ದಾರೆ. ಪಳಗಿದವರು ತುಟಿಯ ಅಂಚು ನೋಡಿಯೇ ಕಂತು ಯಾವ ಭಾಗದ್ದೆಂದು ಹೇಳಿಬಿಡುತ್ತಾರೆ.

ಅಂಥ ಅಭಿಮಾನಿಗಳಲ್ಲೊಬ್ಬ 1960ರಲ್ಲಿ ಹುಟ್ಟಿದ ಹಿದೆಯಾಕಿ ಅನ್ನೊ. ಒಸಾಕದ ಕಲಾ ವಿದ್ಯಾರ್ಥಿ ಗೆಳೆಯರೊಂದಿಗೆ 1983ರಲ್ಲಿ 8 ಎಂ.ಎಂ. ಫಿಲ್ಮಿನಲ್ಲಿ ಅಲ್ಟ್ರಾಮ್ಯಾನ್ ಚಿತ್ರವೊಂದನ್ನು ತೆಗೆದರು. ನಿರ್ದೇಶಕರೂ ಅವರೇ, ಅಲ್ಟ್ರಾಮ್ಯಾನ್ ಕೂಡ ಅವರೇ. ಅದೂ ಮುಖವಾಡವಿಲ್ಲದೆ, ಸ್ವಂತ ಮುಖದಲ್ಲಿ, ಕನ್ನಡಕ ಹಾಕಿಕೊಂಡೇ! ಕಾಗದದಲ್ಲಿ ಕಟ್ಟಿದ ಊರು ಮಾತ್ರ ವೃತ್ತಿಪರರೂ ಹುಬ್ಬೇರಿಸುವಷ್ಟು ಅಚ್ಚುಕಟ್ಟು. ತಮಾಷೆಯಂತೆ ಕಾಣುವ ಈ ಚಿತ್ರ ನಿಜಕ್ಕೂ ಒಂದು ಕಸುಬಿನ ಪಾಠ ಒಪ್ಪಿಸಿದಂತಿದೆ. ಮುಂದೆ 'ಇವಾಂಗೆಲಿಯಾನ್' ಅನಿಮೇಷನ್ ಸರಣಿಯಿಂದ ಜಗತ್ತಿಗೇ ಪರಿಚಿತರಾದ ಅನ್ನೊ, 2022ರ 'ಶಿನ್ ಅಲ್ಟ್ರಾಮ್ಯಾನ್' ಸಿನಿಮಾಕ್ಕೆ ಚಿತ್ರಕತೆ ಬರೆದರು. ಮೂಲ ವಿನ್ಯಾಸಕಾರ ತೊರು ನರಿತ ಅವರಿಗೆ ಸರಣಿಯ ಅಲ್ಟ್ರಾಮ್ಯಾನ್‌ನ ಎದೆಯ ಮೇಲಿದ್ದ ದೀಪ ಒಪ್ಪಿಗೆಯಿರಲಿಲ್ಲ. ಈ ಸಿನಿಮಾದಲ್ಲಿ ಆ ದೀಪವನ್ನೇ ಕೈಬಿಟ್ಟರು.

ಕಂಪ್ಯೂಟರ್ ಗ್ರಾಫಿಕ್ಸ್ ಬಂದ ಮೇಲೆ ಪುಟ್ಟ ಊರು ಕಟ್ಟುವ ಕೆಲಸ ಕಡಿಮೆಯಾಯಿತು. ಗೋದಾಮಿಗೆ ಬಾಡಿಗೆ ಕೊಡುವವರಿಲ್ಲ. ಸಾಮಾನು ಕಸಕ್ಕೆ ಹೋಗತೊಡಗಿತು. 2012ರಲ್ಲಿ ಅನ್ನೊ ಮತ್ತು ನಿರ್ದೇಶಕ ಶಿಂಜಿ ಹಿಗುಚಿ ಟೋಕಿಯೊದ ಸಮಕಾಲೀನ ಕಲಾ ಸಂಗ್ರಹಾಲಯದಲ್ಲಿ ಟೊಕುಸಾತ್ಸು ಪ್ರದರ್ಶನ ಏರ್ಪಡಿಸಿ ಈ ಅವಸ್ಥೆಯನ್ನು ಎಲ್ಲರ ಕಣ್ಣಿಗೆ ತಂದರು. 2017ರಲ್ಲಿ ಅನ್ನೊ ಮುಂದಾಳತ್ವದಲ್ಲಿ ಅನಿಮೆ-ಟೊಕುಸಾತ್ಸು ಸಂರಕ್ಷಣೆಗೆಂದೇ 'ಅಟಾಕ್' ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು.

ಜಾಗ ಕೊಟ್ಟದ್ದು ರಾಜಧಾನಿಯಲ್ಲ, ಫುಕುಶಿಮಾ ಪ್ರಾಂತದ ಸುಕಗವಾ ಎಂಬ ಸಣ್ಣ ಊರು. ಗಾಡ್ಜಿಲ್ಲಾದ ವಿಶೇಷ ಚಿತ್ರೀಕರಣ ಮಾಡಿದ, ಅಲ್ಟ್ರಾಮ್ಯಾನ್ ತಯಾರಿಸಿದ ಸಂಸ್ಥೆಯನ್ನು ಕಟ್ಟಿದ ಎಯ್ಜಿ ತ್ಸುಬುರಾಯ 1901ರಲ್ಲಿ ಹುಟ್ಟಿದ್ದು ಇಲ್ಲೇ. 2011ರ ಭೂಕಂಪ ಈ ಊರನ್ನೂ ಬಿಡಲಿಲ್ಲ. ಎರಡು ವರ್ಷದ ಬಳಿಕ ನಗರಾಡಳಿತ ಎಂ78 ನೀಹಾರಿಕೆಯ 'ಬೆಳಕಿನ ನಾಡಿ'ನೊಂದಿಗೆ ಸೋದರ ನಗರದ ಸಂಬಂಧ ಘೋಷಿಸಿತು, ಬೀದಿಯಲ್ಲಿ ಅಲ್ಟ್ರಾಮ್ಯಾನ್ ಮತ್ತು ರಾಕ್ಷಸರ ಪ್ರತಿಮೆಗಳೂ ನಿಂತವು. 2020ರ ನವೆಂಬರ್ 3ರಂದು ಸುಕಗವಾ ಟೊಕುಸಾತ್ಸು ಆರ್ಕೈವ್ ಸೆಂಟರ್ ಬಾಗಿಲು ತೆರೆಯಿತು.

ಒಳಗೆ ಗಾಜಿನಾಚೆಗೆ ದಾಸ್ತಾನು ಕೋಣೆಯೇ ಕಾಣುತ್ತದೆ. ಕಪಾಟಿನ ತುಂಬ ವಿಮಾನ, ಕಟ್ಟಡ, ಬಿಡಿಭಾಗ. ಇವನ್ನು ಕಾಯುವುದು ಸುಲಭವಲ್ಲ: ಲೇಟೆಕ್ಸ್ ಗಡುಸಾಗಿ ಬಿರಿಯುತ್ತದೆ, ಯುರೆಥೇನ್ ಸ್ಪಂಜು ಗಾಳಿಯ ತೇವ ಹೀರಿ ಪುಡಿಯಾಗುತ್ತದೆ. ಪರದೆಯಲ್ಲಿ ಕಂಡಂತೆ ಹೊಸ ಬಣ್ಣ ಬಳಿಯಬೇಕೆ, ಕಾಲದ ಗಾಯವನ್ನು ಹಾಗೇ ಬಿಡಬೇಕೆ ಎಂಬುದು ದುರಸ್ತಿಗೆ ಕೂತವರ ನಿತ್ಯದ ತಕರಾರು. ಗಾಯ ಉಳಿಯುವುದೇ ಸರಿ. ಹೊಳೆಯುವ ಪ್ರತಿರೂಪ ಆಟಿಕೆ ಅಂಗಡಿಯಲ್ಲೂ ಸಿಗುತ್ತದೆ. ಕುಸುರಿಗಾರನ ಕೈಗುರುತು ಸಿಗುವುದಿಲ್ಲ.

ಕಾಗದದ ಮೇಲಿನದ್ದು ಇನ್ನೊಂದೆಡೆ ಉಳಿದಿದೆ. ನರಿತ ಬಿಡಿಸಿದ 189 ಮೂಲ ರೇಖಾಚಿತ್ರಗಳು ಉತ್ತರದ ಆವೊಮೊರಿ ಕಲಾ ಸಂಗ್ರಹಾಲಯದಲ್ಲಿವೆ.

ಜಪಾನಿಗೆ ಹೋಗುವವರು ಟೋಕಿಯೊದಿಂದ ಶಿಂಕಾನ್ಸೆನ್ ರೈಲಿನಲ್ಲಿ ಕೊರಿಯಾಮಾಕ್ಕೆ ಬಂದು, ಅಲ್ಲಿಂದ ಸ್ಥಳೀಯ ರೈಲು ಹಿಡಿದರೆ ಸುಕಗವಾ ಹತ್ತಿರವೇ. ಕೇಂದ್ರಕ್ಕೆ ಪ್ರವೇಶ ಉಚಿತ.