ಅರವತ್ತು ಸಾವಿರ ನುಂಗಿದ ರಬ್ಬರ್ ಉಂಗುರ

ಕೋಲಾರ: ಸಂಜೆ ಐದೂವರೆ ಸಮಯ. ಬಂಗಾರಪೇಟೆ ರಸ್ತೆಯ ಬಿಡಿಭಾಗದ ಅಂಗಡಿಯೊಂದರ ಮುಂದೆ ಜನ ಜಮಾಯಿಸಿದ್ದರು. ಬಸ್ಸಿಗೆ ಕಾಯುತ್ತಿದ್ದವರೂ ಚೀಲ ಕಂಕುಳಿಗೇರಿಸಿಕೊಂಡು ನಾಲ್ಕು ಹೆಜ್ಜೆ ಇತ್ತ ಬಂದು ಇಣುಕಿದರು. ಜೇಬುಗಳ್ಳನೊಬ್ಬ ಸಿಕ್ಕಿಬಿದ್ದನೇನೋ ಎಂದುಕೊಂಡವರಿಗೆ ನಿರಾಶೆ. ಅಲ್ಲಿ ನಡೆದಿದ್ದುದು ಇಂಜಿನ್ ಆಯಿಲ್ ಜಗಳ.

"ಡೂಪ್ಲಿಕೇಟ್ ಆಯಿಲ್ ಕೊಟ್ಟು ನನ್ ಗಾಡೀನೇ ಸಾಯಿಸಿಬಿಟ್ರಲ್ಲ ಸಾವ್ಕಾರ್ರೇ! ಹಾಕಿ ಮೂರು ದಿನ ಆಗಿಲ್ಲ, ಇಂಜಿನ್ ಹಿಡ್ಕೊಂಡೈತೆ. ಯಾರು ಜವಾಬ್ದಾರಿ ಇದಕ್ಕೆ?" ಎಂದು ಕೂಗುತ್ತಿದ್ದವನು ಮುಳಬಾಗಿಲು ಕಡೆಯ ಪಿಕಪ್ ಮಾಲೀಕ. ಮಾಲೀಕನೂ ಅವನೇ, ಡ್ರೈವರೂ ಅವನೇ, ಲೋಡ್ ಹೆಚ್ಚಾದ ದಿನ ಹಮಾಲಿಯೂ ಅವನೇ.

"ಸೀಲ್ ಒಡ್ದಿದ್ದು ನೀನು. ಬಿಲ್ ನಿನ್ ಜೇಬಲ್ಲೇ ಐತೆ. ಅದೇ ಪೆಟ್ಟಿಗೆ ಮಾಲು ಇನ್ನೂ ಹತ್ತು ಗಾಡಿಗೆ ಹೋಗೈತೆ ಕಣಪ್ಪಾ, ಅವೆಲ್ಲ ಓಡ್ತಿಲ್ವಾ?" ಎಂದು ಅಂಗಡಿಯವರು ಗಲ್ಲಾಪೆಟ್ಟಿಗೆ ಹಿಂದಿನಿಂದಲೇ ಉತ್ತರ ಕೊಡುತ್ತಿದ್ದರು.

ಇದು 2024ರ ಜುಲೈ ತಿಂಗಳ ಮಾತು. ಟೊಮೇಟೊ ಸೀಜನ್. ಕೋಲಾರದ ಎ.ಪಿ.ಎಂ.ಸಿ. ಯಾರ್ಡಿಗೆ ಹಗಲು ರಾತ್ರಿ ಗಾಡಿ ಬರುವ ಕಾಲ. ವರ್ಷದ ದುಡಿಮೆಯಲ್ಲಿ ಅರ್ಧ ಈ ಎರಡು ಮೂರು ತಿಂಗಳಲ್ಲೇ ಆಗಬೇಕು. ಆ ಮನುಷ್ಯನ ಪಿಕಪ್ 2008ರ ಮಾಡೆಲ್. ಕಂತು ಎಂದೋ ತೀರಿದೆ, ಬಂದದ್ದೆಲ್ಲ ಕೈಗೆ ಎಂಬ ಧೈರ್ಯ. ಹೊಸ ಗಾಡಿ ಕೊಳ್ಳುವ ತಾಕತ್ತಿಲ್ಲ ಎಂಬುದೂ ಅಷ್ಟೇ ನಿಜ.

ಜಗಳದ ಹಿಂದಿನ ರಾತ್ರಿ 80 ಕ್ರೇಟ್ ಹಾಕಿಕೊಂಡು ಬೆಂಗಳೂರಿಗೆ ಹೊರಟಿದ್ದನಂತೆ. ಕ್ರೇಟಿಗೆ 15 ಕೆ.ಜಿ. ಲೆಕ್ಕದಲ್ಲಿ ಒಂದು ಟನ್ ಇನ್ನೂರು ಕೆ.ಜಿ. ಹಣ್ಣು. ನರಸಾಪುರ ದಾಟಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಲೈಟ್ ಕೆಂಪಗೆ ಹತ್ತಿಕೊಂಡಿತು. ಹಳೇ ಗಾಡಿ, ಎಲ್ಲೋ ವೈರು ತಾಗಿರಬೇಕು ಎಂದು ಇನ್ನೂ ಐದಾರು ಕಿಲೋಮೀಟರ್ ಓಡಿಸಿದ. ಆಮೇಲೆ 'ಟಕ್ ಟಕ್' ಶುರುವಾಯಿತು, ಕೊನೆಗೊಂದು ಕಿರಿಚಲು, ಇಂಜಿನ್ ಬಂದ್. ಇನ್ನೊಂದು ಗಾಡಿಗೆ ದುಪ್ಪಟ್ಟು ಬಾಡಿಗೆ ಕೊಟ್ಟು ಕ್ರೇಟ್ ಬದಲಾಯಿಸುವ ಹೊತ್ತಿಗೆ ಬೆಳಗಾಗಿತ್ತು, ಮಾರ್ಕೆಟ್ಟಿನ ಹೊತ್ತೂ ಮೀರಿತ್ತು.

ಜಗಳ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಬರುವಷ್ಟರಲ್ಲಿ ಗಾಡಿ ಬಿಚ್ಚಿದ್ದ ಮೇಸ್ತ್ರಿಯೇ ಬಂದರು. ಕೈಯಲ್ಲಿ ಹಳೆಯ ಪೇಪರಿನ ಪೊಟ್ಟಣ. ಕೌಂಟರ್ ಮೇಲೆ ಬಿಚ್ಚಿ ಇಟ್ಟರು. ಎರಡು ಕಪ್ಪು ರಬ್ಬರ್ ಉಂಗುರ. ಒಂದು ಹೊಸದು, ಇನ್ನೊಂದು ಚಪ್ಪಟೆಯಾಗಿ ಗಟ್ಟಿಯಾದದ್ದು.

"ಆಯಿಲ್ದು ಏನೂ ತಪ್ಪಿಲ್ಲ. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ಇಂಜಿನ್‌ಗೇ ಅಂಟ್ಕೊಂಡು ನಿಂತೈತೆ. ನೋಡ್ದೆ ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿದ್ದಾರೆ. ಪ್ರೆಷರ್ ತಡೀದೆ ಮೇಲಿನ ರಬ್ಬರ್ ಆಚೆ ತಳ್ಕೊಂಡು ಆಯಿಲೆಲ್ಲ ರೋಡಿಗೆ. ಯಾರು ಹಾಕಿದ್ದು ಫಿಲ್ಟರು?"

ಮಾಲೀಕ ಮಾತಾಡಲಿಲ್ಲ. ಶೆಡ್ಡಿಗೆ ಕೊಡಬೇಕಾದ ಇನ್ನೂರು ರೂಪಾಯಿ ಮಜೂರಿ ಉಳಿಸಲು ತೋಟದ ಬದಿಯಲ್ಲಿ ಮೊಬೈಲ್ ಬೆಳಕಿನಲ್ಲಿ ಫಿಲ್ಟರ್ ಬದಲಾಯಿಸಿದ್ದವನು ಅವನೇ. ಅಷ್ಟರಲ್ಲಿ ಬಸ್ ಬಂತು, ನೋಡುತ್ತಿದ್ದವರು ಕರಗಿದರು. ಕ್ರ್ಯಾಂಕ್, ಬೇರಿಂಗ್, ಲೇತ್ ಕೆಲಸ, ಮಜೂರಿ ಎಲ್ಲ ಸೇರಿ ಬಿಲ್ಲು ಅರವತ್ತು ಸಾವಿರ ದಾಟಿತು.

ಡಬ್ಬಿಯ ಒಳಗೇನಿದೆ?

ಆಯಿಲ್ ಫಿಲ್ಟರ್ ಎಂದರೆ ಹೊರಗಣ್ಣಿಗೆ ಒಂದು ತಗಡಿನ ಡಬ್ಬಿ. 'ಯಾವುದಾದ್ರೂ ಒಂದು ಕೊಡಿ, ಕಮ್ಮೀದು' ಎಂದು ಕೇಳುವವರೇ ಹೆಚ್ಚು ಎನ್ನುತ್ತಾರೆ ಅಂಗಡಿಯವರು. ಒಳಗೆ ಮಡಿಕೆ ಮಡಿಕೆಯಾಗಿ ಜೋಡಿಸಿದ ಕಾಗದ ಇರುತ್ತದೆ. ಮಸಿ, ಕಬ್ಬಿಣದ ಪುಡಿ, ದೂಳನ್ನು ಹಿಡಿಯುವುದು ಅದೇ. ಕಳಪೆ ಮಾಲಿನಲ್ಲಿ ಮಡಿಕೆ ಕಮ್ಮಿ, ಅಂಟು ಸಡಿಲ. ಬಿಸಿ ಆಯಿಲ್ ಒತ್ತಡಕ್ಕೆ ಕಾಗದವೇ ಬಿಟ್ಟುಕೊಂಡರೆ ಫಿಲ್ಟರ್ ಇದ್ದೂ ಇಲ್ಲದಂತೆ.

ಕಾಗದದ ಜೊತೆಗೆ ಎರಡು ವಾಲ್ವ್ ಇರುತ್ತವೆ. ಒಂದು ಬೈಪಾಸ್ ವಾಲ್ವ್. ಕಾಗದ ಕಟ್ಟಿಕೊಂಡರೆ ಅಥವಾ ಬೆಳಗಿನ ಚಳಿಗೆ ಆಯಿಲ್ ದಪ್ಪಗಿದ್ದರೆ ಈ ವಾಲ್ವ್ ತೆರೆದುಕೊಂಡು ಆಯಿಲನ್ನು ಸೋಸದೆಯೇ ಇಂಜಿನ್‌ಗೆ ಬಿಡುತ್ತದೆ. ಆಯಿಲೇ ಇಲ್ಲದಿರುವುದಕ್ಕಿಂತ ಕೊಳಕು ಆಯಿಲ್ ವಾಸಿ ಎಂಬ ಲೆಕ್ಕ. ಕೆಲವು ಇಂಜಿನ್‌ಗಳಲ್ಲಿ ಈ ವಾಲ್ವ್ ಫಿಲ್ಟರಿನಲ್ಲಿ ಇರದೆ ಇಂಜಿನ್ ಮೈಯಲ್ಲೇ ಇರುತ್ತದೆ. ಆದ್ದರಿಂದ ಅಳತೆ ಹೊಂದಿದ ಮಾತ್ರಕ್ಕೆ ಒಂದರ ಫಿಲ್ಟರ್ ಇನ್ನೊಂದಕ್ಕೆ ಆಗಬಾರದು. ಪಾರ್ಟ್ ನಂಬರ್ ನೋಡಿಯೇ ಕೊಳ್ಳಬೇಕು.

ಇನ್ನೊಂದು, ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್. ಫಿಲ್ಟರ್ ಅಡ್ಡಲಾಗಿಯೋ ತಲೆಕೆಳಗಾಗಿಯೋ ಇರುವ ಇಂಜಿನ್‌ಗಳಿಗೆ ಇದು ಪ್ರಾಣ. ರಾತ್ರಿ ನಿಲ್ಲಿಸಿದ ಗಾಡಿಯ ಫಿಲ್ಟರ್ ಬೆಳಿಗ್ಗೆಗೆ ಖಾಲಿಯಾದರೆ, ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಇಂಜಿನ್ ಒಣಗಿಯೇ ತಿರುಗುತ್ತದೆ. 'ಬೆಳಿಗ್ಗೆ ಸ್ವಲ್ಪ ಹೊತ್ತು ಕಟಕಟ ಅನ್ನುತ್ತೆ, ಆಮೇಲೆ ಸರಿಹೋಗುತ್ತೆ' ಎನ್ನುವವರು ಮೊದಲು ಅನುಮಾನ ಪಡಬೇಕಾದದ್ದು ಅಗ್ಗದ ಫಿಲ್ಟರಿನ ಮೇಲೆ.

ಹಾಕುವ ರೀತಿಯಲ್ಲಿ ಮಂತ್ರವಿದ್ಯೆ ಏನಿಲ್ಲ. ಬಿಚ್ಚಿದ ಹಳೇ ಫಿಲ್ಟರಿನ ಬಾಯಲ್ಲಿ ರಬ್ಬರ್ ಇದೆಯೇ ನೋಡಬೇಕು. ಇಲ್ಲವೆಂದರೆ ಅದು ಇಂಜಿನ್ ಮೇಲೆ ಉಳಿದಿದೆ ಎಂದೇ ಅರ್ಥ. ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಹೊಸ ರಬ್ಬರಿಗೆ ಹೊಸ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಬೇಕು. ರಬ್ಬರ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು. ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದೇ ಪ್ರಮಾಣ. ಆಮೇಲೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತದೆ, ಲೈಟ್ ಆರಿತೇ ನೋಡಿ, ಕೆಳಗೆ ಬಗ್ಗಿ ತೊಟ್ಟಿಕ್ಕುತ್ತಿದೆಯೇ ನೋಡಬೇಕು. ಇಷ್ಟಕ್ಕೆ ಐದು ನಿಮಿಷ ಸಾಕು. ಆ ರಾತ್ರಿ ತೋಟದ ಬದಿಯಲ್ಲಿ ಇಲ್ಲದೇ ಹೋದದ್ದು ಆ ಐದು ನಿಮಿಷ.

ದಪ್ಪ ಆಯಿಲ್ ಎಂಬ ಕಷಾಯ

ಗಾಡಿ ಹಳೆಯದಾಯಿತು ಎಂದರೆ ನಮ್ಮ ಊರಿನ ಸ್ಟ್ಯಾಂಡಿನಲ್ಲಿ ಸಿಗುವ ಮೊದಲ ಸಲಹೆ: 'ದಪ್ಪ ಆಯಿಲ್ ಹಾಕ್ಬಿಡು.' 15ಡಬ್ಲ್ಯು-40 ಇದ್ದ ಕಡೆ 20ಡಬ್ಲ್ಯು-50. ಹೊಗೆ ಸ್ವಲ್ಪ ಕಮ್ಮಿಯಾಗುತ್ತದೆ, ಆಯಿಲ್ ಲೈಟ್ ಮಿಣುಕುವುದು ನಿಲ್ಲುತ್ತದೆ. ರೋಗ ವಾಸಿಯಾಯಿತೆಂದು ಎಲ್ಲರೂ ಚಹಾ ಕುಡಿಯುತ್ತಾರೆ.

ಈ ನಂಬರುಗಳ ಬಗ್ಗೆಯೇ ತಪ್ಪು ತಿಳಿವಳಿಕೆ ಬಹಳ. 15 ಎಂಬುದು ಡಿಗ್ರಿಯ ಲೆಕ್ಕವಲ್ಲ. ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. 15ಡಬ್ಲ್ಯು ಆಯಿಲನ್ನು ಪರೀಕ್ಷಿಸುವುದು ಮೈನಸ್ 20 ಡಿಗ್ರಿಯಲ್ಲಿ, 20ಡಬ್ಲ್ಯು ಆದರೆ ಮೈನಸ್ 15ರಲ್ಲಿ. ಅಂಥ ಚಳಿ ಕೋಲಾರಕ್ಕೆ ಯಾವ ಜನ್ಮಕ್ಕೂ ಬರುವುದಿಲ್ಲ, ಸರಿ. ಆದರೆ ಡಿಸೆಂಬರಿನ ಬೆಳಗಿನ ಜಾವ ಸೆಲ್ಫ್ ಹೊಡೆದಾಗ ಬೇಗ ಮೇಲೇರುವುದು ತೆಳುವಾದದ್ದೇ. ಹಿಂದಿನ ನಂಬರ್, ಅಂದರೆ 40 ಅಥವಾ 50, ಆಯಿಲ್ 100 ಡಿಗ್ರಿ ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. 40 ಎಂದರೆ 12.5ರಿಂದ 16.3 ಸೆಂಟಿಸ್ಟೋಕ್ ಒಳಗೆ. ಅದಕ್ಕೆ ಮೇಲೆ 21.9ರ ಒಳಗೆ ಇದ್ದರೆ 50.

ಸವೆದ ರಿಂಗ್, ಒಣಗಿದ ವಾಲ್ವ್ ಸೀಲ್‌ಗಳನ್ನು ದಪ್ಪ ಆಯಿಲ್ ರಿಪೇರಿ ಮಾಡುವುದಿಲ್ಲ. ಒಂದಷ್ಟು ದಿನ ಮುಚ್ಚಿಡುತ್ತದೆ ಅಷ್ಟೆ. ಜೊತೆಗೆ, ದಪ್ಪಗಿದ್ದಷ್ಟೂ ಬೆಳಿಗ್ಗೆ ಫಿಲ್ಟರಿನ ಬೈಪಾಸ್ ವಾಲ್ವ್ ಹೆಚ್ಚು ಹೊತ್ತು ತೆರೆದಿರುತ್ತದೆ. ಕಾಪಾಡಲೆಂದು ಹಾಕಿದ ಆಯಿಲ್ ಸೋಸದ ಕೊಳೆಯನ್ನೇ ಬೇರಿಂಗ್‌ಗೆ ಉಣಿಸಿದ ಹಾಗಾಯಿತು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬಿಸಿ ಊರಿಗೆ 20ಡಬ್ಲ್ಯು-50 ಆಗಬಹುದು ಎಂದಿದ್ದರೆ ಹಾಕಲು ಅಡ್ಡಿಯಿಲ್ಲ. ಇಲ್ಲದಿದ್ದರೆ 15ಡಬ್ಲ್ಯು-40 ಬಿಟ್ಟು ಹೋಗದಿರುವುದೇ ಕ್ಷೇಮ. ಹೊಗೆ ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಎರಡಕ್ಕೂ ಔಷಧ ಸ್ಪ್ಯಾನರಿನಲ್ಲಿದೆ, ಕ್ಯಾನಿನಲ್ಲಿ ಅಲ್ಲ. 'ಹೊಗೆ ನಿಲ್ಲಿಸುವ' ಚಿಕ್ಕ ಬಾಟಲಿಗಳನ್ನೂ ಜನ ಕೊಳ್ಳುತ್ತಾರೆ. ಆ ದುಡ್ಡಿಗೆ ಇನ್ನೊಂದಷ್ಟು ಆಯಿಲ್ ಬರುತ್ತದೆ.

ಡಬ್ಬದ ಮೇಲಿನ ಅಕ್ಷರಗಳನ್ನಂತೂ ಓದುವವರೇ ಇಲ್ಲ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಕೊಡುವ ಗುರುತಿನಲ್ಲಿ 'ಎಸ್' ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಗಾಡಿಗೆ, 'ಸಿ' ಇದ್ದರೆ ಡೀಸೆಲ್‌ಗೆ. ಸಿಎಫ್-4 ಬಂದದ್ದು 1990ರಲ್ಲಿ, ಸಿಎಚ್-4 1998ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರ ಡಿಸೆಂಬರಿನಲ್ಲಿ. ಹಳೇ ಗುರುತು ಕೇಳುವ ಡೀಸೆಲ್ ಇಂಜಿನ್‌ಗೆ ಹೊಸ ಗುರುತಿನ ಆಯಿಲ್ ಹಾಕಬಹುದು, ಹೊಸದು ಕೇಳುವ ಕಡೆ ಹಳೆಯದು ಆಗದು. ಸಿಕೆ-4 ಜೊತೆಯಲ್ಲೇ ಬಂದ ಎಫ್ಎ-4 ಮಾತ್ರ ತೆಳು ಆಯಿಲ್, ಹಳೇ ಪಿಕಪ್ಪಿಗೆ ಅದು ಬೇಡ. ಮನೆಯಲ್ಲಿ ಉಳಿದ ಬೈಕ್ ಆಯಿಲ್, ಭಾವಮೈದನ ಕಾರಿನ ಆಯಿಲ್ ಸುರಿಯುವ ಅಭ್ಯಾಸ ಇರುವವರು ಈ ಎರಡು ಅಕ್ಷರ ನೋಡಿದರೂ ಸಾಕು.

ಕಪ್ಪಾದರೆ ಕೆಟ್ಟಿತೇ?

ಡೀಸೆಲ್ ಇಂಜಿನ್‌ಗೆ ಹಾಕಿದ ಆಯಿಲ್ ಒಂದೆರಡು ಟ್ರಿಪ್ಪಿಗೇ ಕಪ್ಪಾಗುತ್ತದೆ. 'ಮೋಸ ಆಯ್ತು' ಎಂದು ಅಂಗಡಿಗೆ ಓಡಿ ಬರುವವರಿದ್ದಾರೆ. ಮಸಿಯನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದು ಆಯಿಲ್ ಮಾಡಬೇಕಾದ ಕೆಲಸ, ಅದಕ್ಕೇ ಕಪ್ಪು. ಹೆದರಬೇಕಾದದ್ದು ಬೇರೆ: ಕಡ್ಡಿಯಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ, ಹಾಕದೆಯೇ ಮಟ್ಟ ಏರಿದ್ದರೆ ಡೀಸೆಲ್ ಸೇರುತ್ತಿರಬಹುದು. ಕೆಲವು ಶೆಡ್‌ಗಳಲ್ಲಿ ಒಳಗೆ ತೊಳೆಯಲೆಂದು ಆಯಿಲ್ ಬದಲು ಡೀಸೆಲ್ ಸುರಿದು ಇಂಜಿನ್ ಓಡಿಸುವುದುಂಟು. ಕಡು ಅಪಾಯದ ಕೆಲಸ. ಜಾರುವ ಪದರವನ್ನೇ ತೊಳೆದು ಹಾಕಿ ಲೋಹಕ್ಕೆ ಲೋಹ ಉಜ್ಜಿಸಿದಂತೆ.

ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಎಂದು ಪುಸ್ತಕ ಹೇಳುತ್ತದೆ. ಹೊರೆ, ದೂಳು, ಮಣ್ಣು ರಸ್ತೆ ಹೆಚ್ಚಿದ್ದರೆ ಇನ್ನೂ ಮುಂಚೆ. ಆದರೆ ಹಳೇ ಪಿಕಪ್ಪುಗಳ ಮೀಟರ್ ಓಡುವುದೇ ಅಪರೂಪ! ಕೇಬಲ್ ಎಂದೋ ತುಂಡಾಗಿ ಮುಳ್ಳು ಸೊನ್ನೆಯ ಮೇಲೆ ನಿದ್ದೆ ಹೊಡೆಯುತ್ತಿರುತ್ತದೆ. ಯಾರ್ಡಿನ ಹಿರಿಯ ಡ್ರೈವರೊಬ್ಬರು ಕಂಡುಕೊಂಡ ದಾರಿ ಒಳ್ಳೆಯದು. ಕೋಲಾರದಿಂದ ಬೆಂಗಳೂರು ಸುಮಾರು 70 ಕಿ.ಮೀ., ಹೋಗಿ ಬಂದರೆ 140. ಬಾಗಿಲ ಒಳಮೈಯಲ್ಲಿ ಟ್ರಿಪ್ಪಿಗೊಂದು ಗೀಟು. ಮೂವತ್ತೈದು ಗೀಟಾದರೆ 5,000ದ ಹತ್ತಿರ ಬಂತು. ಆಯಿಲ್ ಬದಲಾದ ದಿನ ಗೀಟು ಅಳಿಸುತ್ತಾರೆ. ಆ ಗಾಡಿ ಎರಡನೇ ಸಲ ಇಂಜಿನ್ ಬಿಚ್ಚಿಲ್ಲ.

ಡೀಸೆಲ್ ಕೂಡ ಈಗ ಮೊದಲಿನದಲ್ಲ. 2017ರ ಏಪ್ರಿಲಿನಿಂದ ದೇಶವೆಲ್ಲ 50 ಪಿಪಿಎಂ ಗಂಧಕದ ಡೀಸೆಲ್ ಬಂತು, 2020ರ ಏಪ್ರಿಲಿನಿಂದ 10. ಗಂಧಕ ಸುಟ್ಟು ಹುಟ್ಟುತ್ತಿದ್ದ ಆಮ್ಲದ ಕಾಟ ಇಳಿದಿದೆ. ಹಳೇ ಗಾಡಿಗಳಿಗೆ ಕೂತಲ್ಲೇ ಸಿಕ್ಕ ಲಾಭ ಇದು.

ಮುಚ್ಚಳಕ್ಕೆ ಬೇರೆ ರೇಟು

ಜಗಳದಲ್ಲಿ ಅಂಗಡಿಯವರು ಗೆದ್ದರು ನಿಜ. ಆದರೆ ಡೂಪ್ಲಿಕೇಟ್ ಎಂಬ ಅನುಮಾನ ಬರೀ ಹುಚ್ಚಲ್ಲ ಎಂದು ಅವರೇ ಒಪ್ಪುತ್ತಾರೆ. ತೆಗೆದ ಕರಿ ಆಯಿಲ್ ಎಲ್ಲಿ ಹೋಗುತ್ತದೆ? ಒಂದಷ್ಟು ಬೇಲಿ ಗೂಟಕ್ಕೆ, ಒಂದಷ್ಟು ಮೋರಿಗೆ, ಮಿಕ್ಕದ್ದು ಕ್ಯಾನ್ ಲೆಕ್ಕದಲ್ಲಿ ಕೊಳ್ಳಲು ಬರುವವರಿಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಅದು ಪರವಾನಗಿ ಇರುವ ಮರುಬಳಕೆ ಘಟಕಕ್ಕೇ ಸೇರಬೇಕು. ತಯಾರಕರೇ ಅದರ ಹೊಣೆ ಹೊರಬೇಕೆಂಬ ಕಟ್ಟಳೆಯೂ 2024ರ ಏಪ್ರಿಲ್ 1ರಿಂದ ಬಂದಿದೆ. ರಸ್ತೆ ಬದಿಯ ಶೆಡ್ಡಿನಲ್ಲಿ ಕೇಳಿದರೆ, 'ಯಾವ ನಿಯಮ ಸಾಮಿ?' ಎಂಬ ಉತ್ತರ ಸಿಗುತ್ತದೆ.

ಖಾಲಿ ಡಬ್ಬದ ಕಥೆ ಇನ್ನೂ ಸ್ವಾರಸ್ಯ. ಗುಜರಿಯವನು ಸೈಕಲ್ ನಿಲ್ಲಿಸಿ ಮೊದಲು ಕೇಳುವುದು ಮುಚ್ಚಳ. ಮುಚ್ಚಳ ಇದ್ದು, ಲೇಬಲ್ ಹರಿಯದಿದ್ದರೆ ಒಂದು ರೇಟು, ಇಲ್ಲದಿದ್ದರೆ ಬರೀ ಪ್ಲಾಸ್ಟಿಕ್ ತೂಕ. ಮುಚ್ಚಳಕ್ಕೆ ಅಷ್ಟು ಬೆಲೆ ಯಾಕೆ ಬಂತು ಎಂದು ಕೇಳಿದರೆ ನಕ್ಕು ಮುಂದೆ ಹೋಗುತ್ತಾನೆ.

ಮುಳಬಾಗಿಲಿನ ಆ ಪಿಕಪ್ ಆಗಸ್ಟ್ ಕೊನೆಗೆ ಮತ್ತೆ ಯಾರ್ಡಿಗೆ ಬಂತು. ಸೀಜನ್ ಮುಕ್ಕಾಲು ಮುಗಿದಿತ್ತು. ಆಯಿಲ್ ಅದೇ ಅಂಗಡಿಯದು, ಬಿಲ್ಲಿನ ಸಮೇತ. ಶೆಡ್ಡಿನಲ್ಲಿ ಫಿಲ್ಟರ್ ಕೂರುವ ತನಕ ಮಾಲೀಕ ಗಾಡಿಯ ಕೆಳಗೆ ತಾನೂ ಮಲಗಿ ಟಾರ್ಚ್ ಹಿಡಿದಿದ್ದ. ಎದ್ದು ಬಂದವನೇ ಖಾಲಿ ಡಬ್ಬವನ್ನು ನೆಲಕ್ಕೆ ಇಟ್ಟು, ಸ್ಕ್ರೂ ಡ್ರೈವರಿನಿಂದ ಮೂರು ಕಡೆ ತೂತು ಹೊಡೆದ. ಗುಜರಿಯವನು ಗೊಣಗಿಕೊಂಡು ತೂಕಕ್ಕೆ ಹಾಕಿಕೊಂಡ.